ಹಾಸ್ಟೆಲ್ ಮುಚ್ಚಳಿಕೆಯ ಏಳನೇ ಕಲಮಿಗೆ ಸಹಿ ಹಾಕಬಹುದೇ?

ಪ್ರಶ್ನೆ: ನಾನು ಹಾನಗಲ್ಲ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಮಗಳಿಗೆ ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ, ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಜಾಗವೂ ಆಗಿದೆ. ಹಾಸ್ಟೆಲಿನವರು ಕೊಟ್ಟ ಮುಚ್ಚಳಿಕೆ ಪತ್ರದ ಏಳನೇ ಕಲಮು ಹೀಗಿದೆ: ‘ಸಾಂಕ್ರಾಮಿಕ ರೋಗದ ಸಂದರ್ಭದಲ್ಲಿ ಅನುಮತಿಯಿಲ್ಲದೆ ಜಿಲ್ಲೆಯ ಗಡಿ ದಾಟತಕ್ಕದ್ದಲ್ಲ. ದಾಟಿದವರು ನೆಗೆಟಿವ್ ರಿಪೋರ್ಟ್ ತಂದು, ಹದಿನಾಲ್ಕು ದಿನ ಸ್ವಂತ ಖರ್ಚಿನಲ್ಲಿ ಹೊರಗೆ ಕ್ವಾರಂಟೈನ್ ಇರತಕ್ಕದ್ದು. ಪ್ರಯಾಣದ ವಿವರ ಮುಚ್ಚಿಟ್ಟಲ್ಲಿ ಹಾಸ್ಟೆಲ್ ಪ್ರವೇಶ ರದ್ದು, ಶುಲ್ಕ ಮರಳಿ ಕೊಡಲಾಗದು. ಮುಂದಾಗುವ ಯಾವುದೇ ತೊಂದರೆಗೆ ಸಂಸ್ಥೆ ಹೊಣೆಯಲ್ಲ.’ ಕೋವಿಡ್ ಮುಗಿದು ಇಷ್ಟು ವರ್ಷವಾದ ಮೇಲೂ ಇದೇಕೆ? ಮಗಳಿಗೆ ಎರಡೂ ಡೋಸ್ ಆಗಿದೆ, ಅಂಥವರಿಗೂ ಇದು ಬೇಕೇ? ಮನೆಯಲ್ಲಿ ಎಪ್ಪತ್ತಾರು ವರ್ಷದ ಅತ್ತೆ ಇದ್ದಾರೆ, ಸಕ್ಕರೆ ಕಾಯಿಲೆ. ಮತ್ತೆ ಅಂಥ ರೋಗ ಬಂದರೆ ಮಗಳನ್ನು ಕರೆಸಿಕೊಳ್ಳಲೂ ಭಯ, ಅಲ್ಲೇ ಬಿಡಲೂ ಭಯ. ಸಹಿ ಹಾಕಬೇಕೋ ಬೇಡವೋ ತಿಳಿಸಿ.

ಉತ್ತರ: ಅಕ್ಕೋರೇ, ಸಹಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹಾಕಿಸಿ, ಆದರೆ ಜೊತೆಗೊಂದು ಪತ್ರ ಲಗತ್ತಿಸಿ. ಆ ಪತ್ರದಲ್ಲಿ ಏನು ಬರೆಯಬೇಕೆಂದು ತಿಳಿಯಲು ಈ ಕಲಮು ಎಲ್ಲಿಂದ ಬಂತು, ಅದರಲ್ಲಿ ಗಟ್ಟಿ ಎಷ್ಟು, ಜೊಳ್ಳು ಎಷ್ಟು ಎಂದು ನೋಡಬೇಕು. ನಿಮ್ಮ ನಿಜವಾದ ಚಿಂತೆ ಮಗಳನ್ನು ಕರೆಸಿಕೊಳ್ಳುವುದೋ ಬಿಡುವುದೋ ಎನ್ನುವುದು. ಅದಕ್ಕೆ ಯಾವ ಮುಚ್ಚಳಿಕೆಯಲ್ಲೂ ಉತ್ತರ ಸಿಗುವುದಿಲ್ಲ. ಅದನ್ನು ನೀವು, ಮಗಳು, ಅತ್ತೆಯವರು ಮನೆಯಲ್ಲಿ ಕೂತು, ರೋಗವಿಲ್ಲದ ಈ ಹೊತ್ತಿನಲ್ಲೇ ಮಾತಾಡಿಕೊಳ್ಳಬೇಕು. ಅದಕ್ಕೆ ಕೊನೆಗೆ ಬರುತ್ತೇನೆ.

ನಾನು ಸಮುದಾಯ ವೈದ್ಯಕೀಯ ವಿಭಾಗದವನು. ಕೋವಿಡ್ ವರ್ಷಗಳಲ್ಲಿ ಹುಬ್ಬಳ್ಳಿ-ಧಾರವಾಡ ಅವಳಿನಗರದ ಕೆಲವು ಹಾಸ್ಟೆಲುಗಳಿಗೆ ಸಲಹೆ ಕೊಡುತ್ತಿದ್ದೆ. ಇಂಥ ಕಲಮು ಬರೆಯುವವರ ಪಕ್ಕದಲ್ಲೂ ಕೂತಿದ್ದೇನೆ, ಅದನ್ನು ಮುರಿದು ಜ್ವರ ಹೊತ್ತು ಬಂದ ಹುಡುಗ ಹುಡುಗಿಯರನ್ನೂ ನೋಡಿದ್ದೇನೆ.

‘ಇಷ್ಟು ವರ್ಷವಾದ ಮೇಲೂ ಇದೇಕೆ’ ಎಂದಿರಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ಹೇಳಿತು. ವೈರಸ್ ಹೋಯಿತೆಂದು ಅದು ಹೇಳಲಿಲ್ಲ. ಇನ್ನೊಂದು ಬರುವುದಿಲ್ಲ ಎಂದೂ ಹೇಳಲಿಲ್ಲ. ಹಾಗಾಗಿ ಹಾಸ್ಟೆಲಿಗೊಂದು ನಿಯಮ ಇರುವುದು ಒಳ್ಳೆಯದೇ. 2020ರ ಮಾರ್ಚ್ 13ರಂದು ಕಾಲೇಜು ಮುಚ್ಚುವ ಘೋಷಣೆ ಬಂದಾಗ ಯಾವ ಹಾಸ್ಟೆಲಿನ ಕಡತದಲ್ಲೂ ಒಂದು ಸಾಲು ಇರಲಿಲ್ಲ. ‘ರೂಮು ಖಾಲಿ ಮಾಡಿ’ ಎಂಬ ನೋಟಿಸು ಹಚ್ಚಿದರು; ಸಾವಿರಾರು ಹುಡುಗರು ಟ್ರಂಕು, ಗಾದಿ ಹೊತ್ತು ಒಂದೆರಡೇ ದಿನದಲ್ಲಿ ಬಸ್‌ಸ್ಟ್ಯಾಂಡಿಗೆ ನುಗ್ಗಿದರು. ರೋಗ ಹರಡಲಿ ಎಂದು ಯಾರಾದರೂ ಯೋಜನೆ ಹಾಕಿದ್ದರೂ ಅದಕ್ಕಿಂತ ಚೆನ್ನಾಗಿ ಹಾಕಲು ಆಗುತ್ತಿರಲಿಲ್ಲ. ನಮ್ಮ ಪುಣ್ಯ, ಆಗ ಈ ಭಾಗದಲ್ಲಿ ಸೋಂಕು ಇನ್ನೂ ಬೇರೂರಿರಲಿಲ್ಲ.

ನಿಮ್ಮ ಏಳನೇ ಕಲಮಿನ ತೊಂದರೆ ಬೇರೆ. ಅದನ್ನು ಯಾರೂ ಹೊಸದಾಗಿ ಯೋಚಿಸಿ ಬರೆದಿಲ್ಲ. ಹಳೆಯ ಸುತ್ತೋಲೆಗಳಿಂದ ಒಂದೊಂದು ವಾಕ್ಯ ಎತ್ತಿ ಜೋಡಿಸಿದ್ದಾರೆ. ಓದುತ್ತಿದ್ದ ಹಾಗೇ ನನಗೆ ಪ್ರತಿ ವಾಕ್ಯದ ತಾರೀಖು ಕಾಣಿಸಿತು.

‘ಜಿಲ್ಲೆಯ ಗಡಿ’ 2020ರ ಬೇಸಿಗೆಯದು. ಆ ಏಪ್ರಿಲ್ 30ರಂದು ಕೇಂದ್ರ ಆರೋಗ್ಯ ಇಲಾಖೆ ಸೋಂಕಿನ ಅಪಾಯಕ್ಕೆ ತಕ್ಕಂತೆ ಜಿಲ್ಲೆಗಳಿಗೆ ಬಣ್ಣ ಹಚ್ಚಿತ್ತು. ಧಾರವಾಡ, ಗದಗ ಕಿತ್ತಳೆ. ನಿಮ್ಮ ಹಾವೇರಿ ಹಸಿರು. ಜಿಲ್ಲೆ ದಾಟಲು ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಪಾಸು ಪಡೆಯಬೇಕಿತ್ತು. ಮೇ 19ರಿಂದ ಒಂದು ಬಸ್ಸಿಗೆ 30 ಜನರಂತೆ ಸಾರಿಗೆ ಶುರುವಾಯಿತು. ಆಗಸ್ಟ್ 29ರ ಕೇಂದ್ರ ಗೃಹ ಇಲಾಖೆಯ ಆದೇಶ ಬಂದಾಗ ರಾಜ್ಯದೊಳಗಾಗಲಿ, ರಾಜ್ಯಗಳ ನಡುವೆಯಾಗಲಿ ಓಡಾಟಕ್ಕೆ ಪಾಸು, ಅನುಮತಿ ಏನೂ ಬೇಡವಾಯಿತು. 2021ರ ಎರಡನೇ ಅಲೆಯಲ್ಲಿ ಮತ್ತೆ ಕೆಲವು ವಾರ ತಡೆ ಬಂತು, ಅದೂ ಸರ್ಕಾರದ್ದೇ ಆದೇಶ. ಅಂದರೆ ಕೋವಿಡ್ ಇದ್ದಾಗಲೇ ಬಂದು ಹೋಗಿ ಮಾಡಿದ ನಿಯಮವನ್ನು ನಿಮ್ಮ ಹಾಸ್ಟೆಲು ಕಾಯಂ ಮಾಡಿಕೊಂಡಿದೆ.

ಹಾಗೆ ಮಾಡಿಕೊಂಡರೆ ಪ್ರಯೋಜನವಾದರೂ ಇದೆಯೇ? ನಿಮ್ಮ ಮಗಳ ತರಗತಿಯನ್ನೇ ನೋಡಿ. ಅವಳ ಬಲಕ್ಕೆ ಕೂರುವ ಹುಡುಗಿ ಗದಗಿನಿಂದ ದಿನಾ ರೈಲಿಗೆ ಬರುವವಳು. ಎಡಕ್ಕೆ ಕೂರುವವಳು ಹಳೇ ಹುಬ್ಬಳ್ಳಿಯವಳು, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಪಾಸು ಇದೆ. ಗದಗಿನವಳು ದಿನಕ್ಕೆ ಎರಡು ಸಲ ಜಿಲ್ಲೆಯ ಗಡಿ ದಾಟುತ್ತಾಳೆ, ಅವಳಿಗೆ ಮುಚ್ಚಳಿಕೆಯೇ ಇಲ್ಲ. ಹುಬ್ಬಳ್ಳಿಯವಳು ಮದುವೆ, ಮಾರ್ಕೆಟ್ಟು, ಸಿನಿಮಾ ಎಲ್ಲ ಸುತ್ತಿಬಂದರೂ ಗಡಿ ದಾಟಿದ ಹಾಗಾಗಲಿಲ್ಲ. ತಿಂಗಳಿಗೊಮ್ಮೆ ಹಾನಗಲ್ಲಿಗೆ ಹೋಗಿ ಅಡುಗೆಮನೆಯಲ್ಲಿ ಕೂತು ರೊಟ್ಟಿ ತಿಂದು ಬಂದವಳು ಮಾತ್ರ ಹದಿನಾಲ್ಕು ದಿನ ಹೊರಗೆ! ಒಬ್ಬ ವಾರ್ಡನ್‌ಗೆ ನಾನು ಇದನ್ನು ಕೇಳಿದಾಗ ಅವರು ನಕ್ಕು, ‘ಸರ, ನಮ್ಮ ಕೈಯಾಗ ಇರೋದು ಹಾಸ್ಟೆಲ್ ಗೇಟು ಅಷ್ಟರೀ’ ಅಂದರು. ನಿಯಮ ರೋಗದ ದಾರಿ ನೋಡಿ ಹುಟ್ಟಬೇಕು. ಇಲ್ಲಿ ಬೀಗದ ಕೈ ಯಾರ ಹತ್ತಿರ ಇದೆಯೋ ಅಲ್ಲಿ ಹುಟ್ಟಿದೆ.

‘ಹದಿನಾಲ್ಕು ದಿನ’ ಬಂದದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ 2020ರ ನವೆಂಬರ್ ಮಾರ್ಗಸೂಚಿಯಿಂದ. ಹಾಸ್ಟೆಲಿಗೆ ಮರಳುವವರು ನೆಗೆಟಿವ್ ರಿಪೋರ್ಟ್ ತಂದರೂ ಹದಿನಾಲ್ಕು ದಿನ ಪ್ರತ್ಯೇಕವಾಗಿದ್ದು ಆರೋಗ್ಯ ಗಮನಿಸಿಕೊಳ್ಳಬೇಕು ಎಂದು ಅದರಲ್ಲಿತ್ತು. ಆಗಿನ ಮಟ್ಟಿಗೆ ಅದಕ್ಕೆ ಆಧಾರವಿತ್ತು. ಸೋಂಕು ದೇಹಕ್ಕೆ ಸೇರಿದ ದಿನದಿಂದ ಲಕ್ಷಣ ಕಾಣುವವರೆಗಿನ ಅವಧಿ ಮೊದಲ ತಳಿಯಲ್ಲಿ ಸುಮಾರು ಐದು ದಿನ, ಅಪರೂಪಕ್ಕೆ ಹದಿನಾಲ್ಕರವರೆಗೆ. ಓಮಿಕ್ರಾನ್ ಬಂದಾಗ ಅದು ಮೂರು ದಿನದ ಆಸುಪಾಸಿಗೆ ಇಳಿಯಿತು. ಮುಂದೆ ಬರುವ ರೋಗದ್ದು ಯಾರಿಗೆ ಗೊತ್ತು? 2009ರಲ್ಲಿ ಸಾಂಕ್ರಾಮಿಕವೆಂದು ಘೋಷಣೆಯಾದ ಎಚ್1ಎನ್1 ಫ್ಲೂಗೆ ಒಂದರಿಂದ ನಾಲ್ಕು ದಿನ ಸಾಕು. ಹಾಸ್ಟೆಲುಗಳಲ್ಲಿ ಪದೇ ಪದೇ ಕಾಣುವ ಮಂಗನಬಾವಿಗೆ ಹನ್ನೆರಡರಿಂದ ಇಪ್ಪತ್ತೈದು ದಿನ. ಯಾವ ರೋಗವೆಂದು ತಿಳಿಯುವ ಮೊದಲೇ ದಿನಗಳ ಲೆಕ್ಕ ಬರೆದಿಟ್ಟರೆ ಒಂದು ರೋಗಕ್ಕೆ ವಿನಾಕಾರಣ ಶಿಕ್ಷೆ, ಇನ್ನೊಂದಕ್ಕೆ ಸುಳ್ಳು ಧೈರ್ಯ. ‘ಆಗ ಆರೋಗ್ಯ ಇಲಾಖೆ ಹೇಳುವಷ್ಟು ದಿನ’ ಎಂದು ಬರೆದಿದ್ದರೆ ಮುಗಿದುಹೋಗುತ್ತಿತ್ತು.

ಇನ್ನು ನೆಗೆಟಿವ್ ರಿಪೋರ್ಟು. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ಜನ ಮೋಸ ಹೋಗುವುದು ಇಲ್ಲೇ. 2021ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರ, ಕೇರಳದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ತರಬೇಕೆಂದು ನಮ್ಮ ಸರ್ಕಾರ ಆದೇಶಿಸಿತು. ನಿಪ್ಪಾಣಿ ಹತ್ತಿರದ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಕಾರುಗಳ ಸಾಲು ನಿಂತದ್ದು ನಿಮಗೂ ನೆನಪಿರಬಹುದು. ಅಲ್ಲಿಂದ ಆ ಕಾಗದ ಎಲ್ಲರ ತಲೆಯಲ್ಲಿ ಒಂದು ಪರವಾನಗಿಯಾಗಿ ಕೂತುಬಿಟ್ಟಿತು.

ಪರೀಕ್ಷೆ ಕೆಟ್ಟದ್ದಲ್ಲ. ಅದು ಗಂಟಲಿನ ಆ ಹೊತ್ತಿನ ಸುದ್ದಿ ಹೇಳುತ್ತದೆ, ಅಷ್ಟೇ. ಅಮೆರಿಕದ ವಿಶ್ವವಿದ್ಯಾಲಯ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು 2020ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿದರು. ಸೋಂಕು ತಗುಲಿದ ಮೊದಲ ದಿನ ಪರೀಕ್ಷೆ ಮಾಡಿದರೆ ಸೋಂಕಿತರೆಲ್ಲರೂ ನೆಗೆಟಿವ್. ನಾಲ್ಕನೇ ದಿನಕ್ಕೂ ನೂರಕ್ಕೆ 67 ಮಂದಿ ತಪ್ಪಿಸಿಕೊಳ್ಳುತ್ತಾರೆ. ಲಕ್ಷಣ ಕಂಡ ದಿನ 38, ಅದಾಗಿ ಮೂರು ದಿನಕ್ಕೆ 20. ಈಗ ನಿಮ್ಮ ಮಗಳ ಲೆಕ್ಕ ಹಾಕಿ. ಶನಿವಾರ ಊರಿಗೆ ಬಂದಳು, ಭಾನುವಾರ ಒಂದು ಮದುವೆಗೆ ಹೋದಳು, ಸೋಮವಾರ ಬೆಳಿಗ್ಗೆ ಹಾವೇರಿಯಲ್ಲಿ ಸ್ವ್ಯಾಬ್ ಕೊಟ್ಟಳು, ಮಂಗಳವಾರ ರಿಪೋರ್ಟ್ ಹಿಡಿದು ಹಾಸ್ಟೆಲ್ ಸೇರಿದಳು. ಮದುವೆಯಲ್ಲಿ ಸೋಂಕು ತಗುಲಿದ್ದರೂ ಕಾಗದ ನೆಗೆಟಿವ್ ಎಂದೇ ಹೇಳುತ್ತದೆ. ಅವಳು ಸೋಂಕು ಹರಡಲು ಶುರುಮಾಡುವುದು ಗುರುವಾರವೋ ಶುಕ್ರವಾರವೋ, ಅದೂ ಜ್ವರ ಬರುವ ಒಂದೆರಡು ದಿನ ಮೊದಲೇ. ಆ ಹೊತ್ತಿಗೆ ರೂಮಿನವರೆಲ್ಲ ‘ಇವಳದು ನೆಗೆಟಿವ್’ ಎಂಬ ಧೈರ್ಯದಲ್ಲಿ ಮಾಸ್ಕ್ ತೆಗೆದಿಟ್ಟಿರುತ್ತಾರೆ.

ತಿರುಗು ಮುರುಗಿನ ತೊಂದರೆಯೂ ಇದೆ. ಗುಣವಾದವರಲ್ಲಿ ಸತ್ತ ವೈರಸ್ಸಿನ ತುಣುಕು ವಾರಗಟ್ಟಲೆ ಉಳಿದು ಪಾಸಿಟಿವ್ ತೋರಿಸುತ್ತದೆ. ಯಾರಿಗೂ ಅಂಟಿಸಲಾರದ ಹುಡುಗನನ್ನು ‘ನೆಗೆಟಿವ್ ಬರುವವರೆಗೆ ಬರಬೇಡ’ ಎಂದು ಪರೀಕ್ಷೆಯಿಂದ ಹೊರಗಿಟ್ಟದ್ದನ್ನು ನೋಡಿದ್ದೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2021ರ ಮೇ 4ರಂದೇ ಎರಡು ಮಾತು ಹೇಳಿತ್ತು: ಒಮ್ಮೆ ಪಾಸಿಟಿವ್ ಬಂದವರಿಗೆ ಮತ್ತೆ ಆರ್‌ಟಿ-ಪಿಸಿಆರ್ ಮಾಡಬೇಡಿ, ಆರೋಗ್ಯವಂತರು ರಾಜ್ಯದಿಂದ ರಾಜ್ಯಕ್ಕೆ ಪ್ರಯಾಣಿಸಲು ಪರೀಕ್ಷೆ ಕೇಳುವುದನ್ನು ಬಿಡಿ. ಲ್ಯಾಬುಗಳು ಆಗ ಏದುಸಿರು ಬಿಡುತ್ತಿದ್ದವು. 2022ರ ಜನವರಿಯಲ್ಲಿ ಪ್ರಯಾಣದ ಮಾತನ್ನು ಮಂಡಳಿ ಮತ್ತೊಮ್ಮೆ ಹೇಳಿತು. ರಾಜ್ಯ ದಾಟುವವರಿಗೇ ಬೇಡ ಎಂದದ್ದನ್ನು ಹಾನಗಲ್ಲಿನಿಂದ ಧಾರವಾಡಕ್ಕೆ ಬರುವವರಿಗೆ ಕಡ್ಡಾಯ ಮಾಡಿದರೆ ಲಾಭ ಖಾಸಗಿ ಲ್ಯಾಬಿನವರಿಗೆ ಮಾತ್ರ.

ಎರಡು ಡೋಸ್ ಆದವರ ವಿಷಯ ಕೇಳಿದ್ದೀರಿ. ಇದಕ್ಕೆ ಉತ್ತರ ಧಾರವಾಡದಲ್ಲೇ ಇದೆ. 2021ರ ನವೆಂಬರಿನಲ್ಲಿ ಇಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಒಂದು ಸಮಾರಂಭ ನಡೆಯಿತು. ಅದಾಗಿ ಒಂದು ವಾರಕ್ಕೆ ಪರೀಕ್ಷೆ ಮಾಡಿದಾಗ ಮೊದಲು 66 ಮಂದಿ ಪಾಸಿಟಿವ್, ಕೆಲವೇ ದಿನಗಳಲ್ಲಿ ಸಂಖ್ಯೆ ಮುನ್ನೂರರ ಹತ್ತಿರ. ಬಹುತೇಕರು ಎರಡೂ ಡೋಸ್ ಹಾಕಿಸಿಕೊಂಡವರು, ವೈದ್ಯಕೀಯ ವಿದ್ಯಾರ್ಥಿಗಳು. ಲಸಿಕೆ ಅವರನ್ನು ಉಳಿಸಿತು: ಹೆಚ್ಚಿನವರಿಗೆ ಲಕ್ಷಣವೇ ಇರಲಿಲ್ಲ, ಇದ್ದವರಿಗೂ ಸೌಮ್ಯವಾಗಿತ್ತು. ಆದರೆ ಹರಡುವುದನ್ನು ತಡೆಯಲಿಲ್ಲ. ಸೋಂಕು ಯಾರಿಂದ ಬಂತೋ ಏನೋ. ಮುನ್ನೂರಕ್ಕೆ ಏರಿಸಿದ್ದು ಒಂದೇ ಸಭಾಂಗಣ, ಒಂದೇ ಮೆಸ್ಸು, ಒಂದೇ ಹಾಸ್ಟೆಲು. ಲಸಿಕೆಗೂ ಪ್ರಯಾಣಕ್ಕೂ ಗಂಟು ಹಾಕುವವರಿಗೆ ಕಾನೂನಿನ ಕಡೆಯಿಂದಲೂ ಒಂದು ಮಾತಿದೆ. ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ, ಸಾರ್ವಜನಿಕ ಆರೋಗ್ಯಕ್ಕಾಗಿ ನಿರ್ಬಂಧ ಹಾಕಬಹುದಾದರೂ ಅದು ಪರಿಸ್ಥಿತಿಗೆ ತಕ್ಕಷ್ಟೇ ಇರಬೇಕು ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ತೀರ್ಪು ಕೊಟ್ಟಿದೆ.

ಹಾಗಾದರೆ ಪ್ರಯಾಣದಲ್ಲಿ ಅಪಾಯವೇ ಇಲ್ಲವೇ? ಇದೆ, ಆದರೆ ಕಿಲೋಮೀಟರಿನ ಲೆಕ್ಕದಲ್ಲಿಲ್ಲ. ಗಾಳಿಯಲ್ಲಿ ಹರಡುವ ಸೋಂಕಿಗೆ ಬೇಕಾದದ್ದು ಮುಚ್ಚಿದ ಜಾಗ, ಹೆಚ್ಚು ಜನ, ಹೆಚ್ಚು ಹೊತ್ತು. ಹಾನಗಲ್ಲಿನಿಂದ ಹುಬ್ಬಳ್ಳಿಗೆ ಬರುವ ಕೆಂಪು ಬಸ್ಸಿನ ಕಿಟಕಿಗಳೆಲ್ಲ ತೆರೆದಿದ್ದರೆ ಆ ಎರಡು ಮೂರು ತಾಸು ಅಂಥ ಭಯದ್ದಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಚಿಗರಿ ದೂರ ಕಡಿಮೆ, ಆದರೆ ಎ.ಸಿ. ಬಸ್ಸು, ಕಿಟಕಿ ತೆರೆಯುವುದಿಲ್ಲ, ಬೆಳಿಗ್ಗೆ ಒಂಬತ್ತಕ್ಕೆ ಕಾಲಿಡಲೂ ಜಾಗ ಇರುವುದಿಲ್ಲ. ಅಲ್ಲಿ ಮಾಸ್ಕ್ ಬೇಕು. ಎಲ್ಲಕ್ಕಿಂತ ಹೆಚ್ಚಿನ ಅಪಾಯ ಪ್ರಯಾಣ ಮುಗಿದ ಮೇಲೆ: ಮೂರು ಮಂಚದ ರೂಮಿನಲ್ಲಿ ಐದು ಜನ, ಚಳಿಗೆಂದು ಮುಚ್ಚಿದ ಕಿಟಕಿ, ರಾತ್ರಿಯಿಡೀ. ಈ ಕಲಮು ಓಡಾಟದ ಬಗ್ಗೆ ಮೂರು ವಾಕ್ಯ ಬರೆದಿದೆ, ರೂಮಿನ ಬಗ್ಗೆ ಒಂದಕ್ಷರ ಇಲ್ಲ.

ನನಗೆ ಅತಿ ಹೆಚ್ಚು ಕೆಡುಕೆನ್ನಿಸುವುದು ಮೂರನೇ ವಾಕ್ಯ, ‘ಮುಚ್ಚಿಟ್ಟಲ್ಲಿ ಪ್ರವೇಶ ರದ್ದು’. ಓದಲು ಇದು ನ್ಯಾಯವಾಗಿಯೇ ಕಾಣುತ್ತದೆ. ಸುಳ್ಳು ಹೇಳಿದವರಿಗೆ ಶಿಕ್ಷೆ ಆಗಬಾರದೇ? ಆದರೆ ನಿಜ ಹೇಳಿದವರಿಗೂ ಇಲ್ಲಿ ಶಿಕ್ಷೆಯೇ ಇದೆ: ಎರಡು ವಾರ ಸ್ವಂತ ಖರ್ಚಿನಲ್ಲಿ ಹೊರಗೆ. ಧಾರವಾಡದಲ್ಲಿ ಎರಡು ವಾರ ಲಾಡ್ಜಿನಲ್ಲಿರುವ ದುಡ್ಡು ಯಾವ ಶಿಕ್ಷಕಿಯ ಮಗಳ ಹತ್ತಿರ ಇರುತ್ತದೆ? ಸಾಂಕ್ರಾಮಿಕದ ಹೊತ್ತಿನಲ್ಲಿ ಯಾವ ಲಾಡ್ಜು ಕೊಡುತ್ತದೆ? ಹೀಗಾದಾಗ ಮಕ್ಕಳು ಹೋಗುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾರೆ. ಪಂಚಮಿಗೆ ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಯಾವ ಸುತ್ತೋಲೆಯೂ ಹಿಡಿದಿಟ್ಟಿಲ್ಲ. ಊರ ಜಾತ್ರೆ, ಅಕ್ಕನ ಸೀಮಂತ, ಯಾರದೋ ಮಣ್ಣು (ಅಂತ್ಯಕ್ರಿಯೆ), ಇವಕ್ಕೆ ಹೋಗಲೇಬೇಕು.

ಎರಡನೇ ಅಲೆ ಇಳಿದ ಮೇಲೆ ಒಂದು ಹಾಸ್ಟೆಲಿನಲ್ಲಿ ಹುಡುಗಿಯೊಬ್ಬಳು ಪ್ರಯಾಣದ ಫಾರ್ಮಿನಲ್ಲಿ ‘ಎಲ್ಲಿಯೂ ಹೋಗಿಲ್ಲ’ ಎಂದು ಬರೆದಿದ್ದಳು. ರೋಣದ ಹತ್ತಿರದ ಊರಿಗೆ ಅಜ್ಜನ ಮಣ್ಣಿಗೆ ಹೋಗಿ ಬಂದಿದ್ದಳು. ಜ್ವರ ಬಂತು, ಪ್ಯಾರಾಸಿಟಮಾಲ್ ನುಂಗಿ ಥರ್ಮಲ್ ಗನ್ನಿನ ಮುಂದೆ ನಿಂತು ಪಾರಾದಳು. ರೂಮಿನವರಿಗೂ ಜ್ವರ ಬಂದಾಗಲೇ ವಿಷಯ ಹೊರಬಿದ್ದದ್ದು. ನಾನು ಮಾತಾಡಿಸಿದಾಗ ಅವಳು ಹೇಳಿದ್ದು ಇಷ್ಟೇ: ‘ಖರೇ ಬರದರ ಹೊರಗ ಹಾಕ್ತಾರ್ರೀ ಸರ, ಪರೀಕ್ಷಾ ಮುಂದ ಅದಾವು.’ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಆ ಹಾಸ್ಟೆಲಿನವರು ಫಾರ್ಮನ್ನೇ ಬದಲಿಸಿದರು. ಮೇಲ್ಗಡೆ ಒಂದು ಸಾಲು: ‘ಇಲ್ಲಿ ಬರೆದ ಯಾವ ಉತ್ತರಕ್ಕೂ ದಂಡವಿಲ್ಲ.’ ಕೆಳಗೆ ಮೂರೇ ಪ್ರಶ್ನೆ: ಎಲ್ಲಿಗೆ ಹೋಗಿದ್ದಿ, ಅಲ್ಲಿ ಯಾರಿಗಾದರೂ ಜ್ವರ ಕೆಮ್ಮು ಇತ್ತೇ, ನಿನಗೆ ಈಗ ಏನಾದರೂ ಇದೆಯೇ. ಒಂದೇ ವಾರದಲ್ಲಿ ‘ಎಲ್ಲಿಯೂ ಹೋಗಿಲ್ಲ’ಗಳು ಕಡಿಮೆಯಾಗಿ ಊರುಗಳ ಹೆಸರು ಬರತೊಡಗಿದವು.

ಅಂದಹಾಗೆ, ಇದು ನಮ್ಮೂರುಗಳಿಗೆ ಹೊಸ ಕಥೆಯಲ್ಲ. 1898ರಲ್ಲಿ ಪ್ಲೇಗು ಹುಬ್ಬಳ್ಳಿ, ಧಾರವಾಡ, ಗದಗಗಳನ್ನು ಹಿಡಿದು ಹಿಂಡಿತು. ಅದರ ಹಿಂದಿನ ವರ್ಷವೇ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದು, ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ತಪಾಸಣೆ ಮಾಡುವ, ಅನುಮಾನ ಬಂದವರನ್ನು ಎಳೆದೊಯ್ಯುವ ಅಧಿಕಾರ ಪಡೆದಿದ್ದರು. ಮುಂಬೈ ಪ್ರಾಂತ್ಯದ ಉದ್ದಕ್ಕೂ ಜನ ರೋಗಿಗಳನ್ನು ಅಟ್ಟದ ಮೇಲೆ ಬಚ್ಚಿಟ್ಟರು. ಹುಬ್ಬಳ್ಳಿಯಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ಹಾಫ್‌ಕಿನ್ ಲಸಿಕೆ ಮತ್ತು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡದ್ದು. 2020ರಲ್ಲೂ ನಾವು ಕೈಗೆ ಸೀಲು ಒತ್ತಿದೆವು, ಬಾಗಿಲಿಗೆ ಪೋಸ್ಟರ್ ಅಂಟಿಸಿದೆವು. ಮೇಲಿನವರ ನಿರ್ದಿಷ್ಟ ಆದೇಶವಿಲ್ಲದೆ ಹಾಗೆ ಅಂಟಿಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಆ ವರ್ಷದ ಡಿಸೆಂಬರ್ ಬಂದಿತ್ತು.

ಕಾನೂನಿನ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ, ಹೆಚ್ಚಿನದನ್ನು ವಕೀಲರು ಹೇಳಲಿ. ಜನರ ಓಡಾಟ ನಿಲ್ಲಿಸುವ ಅಧಿಕಾರ 2005ರ ವಿಪತ್ತು ನಿರ್ವಹಣಾ ಕಾಯ್ದೆ ಮತ್ತು ನಮ್ಮ ರಾಜ್ಯದ 2020ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಿಂದ ಬರುವುದು. ಅದು ಸರ್ಕಾರದ, ಜಿಲ್ಲಾಧಿಕಾರಿಯ ಕೈಯಲ್ಲಿರುತ್ತದೆ. ವಾರ್ಡನ್ ಜಿಲ್ಲೆಯ ಗಡಿ ಕಾಯುವವರಲ್ಲ. ಹಾಗೆಂದು ಅವರಿಗೆ ಅಧಿಕಾರವೇ ಇಲ್ಲ ಎಂದುಕೊಳ್ಳಬೇಡಿ. ಹಾಸ್ಟೆಲಿಗೆ ಯಾರು ಯಾವಾಗ ಬಂದರು ಹೋದರು ಎಂದು ಕೇಳಬಹುದು, ಜ್ವರವಿದ್ದವರನ್ನು ಮೆಸ್ಸಿಗೆ ಬಿಡದೆ ಬೇರೆ ಕೋಣೆಯಲ್ಲಿ ಇರಿಸಬಹುದು, ರಜೆ ಚೀಟಿ ಕಡ್ಡಾಯ ಮಾಡಬಹುದು. ನೂರಾರು ಹೆಣ್ಣುಮಕ್ಕಳ ಜವಾಬ್ದಾರಿ ಹೊತ್ತವರು ಇಷ್ಟನ್ನಾದರೂ ಮಾಡದಿದ್ದರೆ ನಾವೇ ಬೈಯುತ್ತೇವೆ. ರೋಗ ಇದೆಯೆಂದು ಗೊತ್ತಿದ್ದೂ ನಿರ್ಲಕ್ಷ್ಯದಿಂದ ಹರಡಿದರೆ ಭಾರತೀಯ ನ್ಯಾಯ ಸಂಹಿತೆಯ 271ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆಯೂ ಇದೆ, ಮಗಳಿಗೆ ಅದನ್ನೂ ಹೇಳಿಡಿ. ‘ಸಂಸ್ಥೆ ಹೊಣೆಯಲ್ಲ’ ಎಂಬ ಕೊನೆಯ ವಾಕ್ಯ 2020ರ ನವೆಂಬರಿನಲ್ಲಿ ಕಾಲೇಜು ತೆರೆದಾಗ ಪಾಲಕರಿಂದ ಬರೆಸಿಕೊಂಡ ಒಪ್ಪಿಗೆ ಪತ್ರಗಳ ಸಂತಾನ. ಸಹಿ ಹಾಕಿದ ಮಾತ್ರಕ್ಕೆ ಅವರ ಕಡೆಯ ನಿರ್ಲಕ್ಷ್ಯ ಮಾಫಿಯಾಗುವುದಿಲ್ಲ. ಆ ವಾಕ್ಯಕ್ಕೆ ಹೆದರಿ ಸೀಟು ಬಿಡಬೇಡಿ. ಮಗಳು ಎಂ.ಎಸ್ಸಿ.ಗೆ ಬಂದವಳು, ವಯಸ್ಕಳು. ಸಹಿ ಅವಳದು, ತೀರ್ಮಾನದಲ್ಲೂ ಅವಳಿರಲಿ.

ನಿಮ್ಮ ಮುಂದೆ ಇರುವ ದಾರಿಗಳನ್ನು ನೋಡೋಣ. ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದರೆ ಹಾಸ್ಟೆಲ್ ಜಾಗ ಹೋಗುತ್ತದೆ. ಸಪ್ತಾಪುರದಲ್ಲೋ ಕಲ್ಯಾಣನಗರದಲ್ಲೋ ಪಿ.ಜಿ. (ಪೇಯಿಂಗ್ ಗೆಸ್ಟ್) ಹುಡುಕಬೇಕು. ಖರ್ಚು ಹೆಚ್ಚು ಎನ್ನುವುದು ಒಂದು ಕಡೆ ಇರಲಿ, ಸೋಂಕಿನ ದೃಷ್ಟಿಯಿಂದ ಹಾಸ್ಟೆಲಿಗಿಂತ ಪಿ.ಜಿ. ಸುರಕ್ಷಿತ ಎಂದು ನಾನು ಹೇಳಲಾರೆ. ಅಲ್ಲಿ ಕೋಣೆ ಇನ್ನೂ ಇಕ್ಕಟ್ಟು, ಪ್ರತ್ಯೇಕ ಕೋಣೆ ಅನ್ನುವುದೇ ಇಲ್ಲ, ಊಟ ಕೊಡುವವರು ಜ್ವರ ಎಂದ ಕೂಡಲೇ ‘ಊರಿಗೆ ಹೋಗ್ರಿ’ ಅನ್ನುತ್ತಾರೆ, ಕೇಳುವವರು ಯಾರೂ ಇರುವುದಿಲ್ಲ. ಸುಮ್ಮನೆ ಸಹಿ ಹಾಕಿ ಬಂದರೆ ಈಗ ಏನೂ ಆಗುವುದಿಲ್ಲ, ಆದರೆ ನಾಳೆ ತೊಂದರೆಯಾದಾಗ ನಿಮ್ಮ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಅದಕ್ಕೇ ಪತ್ರ ಲಗತ್ತಿಸಿ ಎಂದದ್ದು.

ಪತ್ರದಲ್ಲಿ ಜಗಳದ ಧಾಟಿ ಬೇಡ, ‘ಸ್ಪಷ್ಟನೆ ಕೋರಿ’ ಎಂದು ಬರೆಯಿರಿ. ಕ್ವಾರಂಟೈನ್ ಎಷ್ಟು ದಿನ ಎಂಬುದು ಆಗಿನ ಆರೋಗ್ಯ ಇಲಾಖೆಯ ಆದೇಶದಂತೆ ಎಂದು ತಿದ್ದಬಹುದೇ? ಹಾಸ್ಟೆಲಿನಲ್ಲೇ ಎರಡು ಮೂರು ಕೋಣೆ, ಸಾಧ್ಯವಾದರೆ ಪ್ರತ್ಯೇಕ ಶೌಚಾಲಯದ ಜೊತೆಗೆ, ಇದಕ್ಕೆಂದು ಮೀಸಲಿಡುತ್ತೀರಾ? ಅಲ್ಲಿಗೆ ಊಟ ಯಾರು ತರುತ್ತಾರೆ, ರಾತ್ರಿ ಉಸಿರಾಟದ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಒಯ್ಯುತ್ತೀರಿ? ಈ ದಿನಗಳ ಹಾಜರಾತಿ ಏನಾಗುತ್ತದೆ? ಇದಕ್ಕೆ ಪೂರ್ವನಿದರ್ಶನವಿದೆ: 2020ರ ಏಪ್ರಿಲಿನ ಮಾರ್ಗಸೂಚಿಯಲ್ಲಿ ಅನುದಾನ ಆಯೋಗ ಲಾಕ್‌ಡೌನ್ ಅವಧಿಯನ್ನು ಹಾಜರಾತಿ ಎಂದೇ ಪರಿಗಣಿಸಲು ಹೇಳಿತ್ತು. ಹಾಸ್ಟೆಲಿನಲ್ಲಿ ಇರದ ದಿನಗಳ ಮೆಸ್ ಬಿಲ್ಲು ಕಳೆಯುತ್ತೀರಾ? ಸಾವು, ಹೆರಿಗೆ, ತಂದೆತಾಯಿಯ ಕಾಯಿಲೆಗೆ ಹೋಗಿಬರಲು ಅರ್ಜಿ ಕೊಟ್ಟ ದಿನವೇ ಅನುಮತಿ ಸಿಗುತ್ತದೆಯೇ? ತಾನಾಗಿ ನಿಜ ಹೇಳಿದವರ ಪ್ರವೇಶ ರದ್ದಾಗುವುದಿಲ್ಲ ಎಂದು ಬರೆದುಕೊಡುತ್ತೀರಾ? ಸೋಂಕಿತರ ಹೆಸರನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದಿಲ್ಲ ತಾನೇ? ಈ ಕೊನೆಯದನ್ನು ನಾನು ಸುಮ್ಮನೆ ಸೇರಿಸಿಲ್ಲ. ಹಾಗೆ ಹೆಸರು ಹೊರಬಿದ್ದ ಹುಡುಗಿಯ ಊರಿನಲ್ಲಿ ಅವಳ ಅಪ್ಪನ ಕಿರಾಣಿ ಅಂಗಡಿಗೆ ವಾರಗಟ್ಟಲೆ ಗಿರಾಕಿ ಬರಲಿಲ್ಲ.

ಎಲ್ಲಕ್ಕೂ ಹೌದು ಎಂಬ ಉತ್ತರ ಬರುವುದಿಲ್ಲ. ಉತ್ತರವೇ ಬಾರದಿರಲೂಬಹುದು. ಬಂದದ್ದಷ್ಟು ಲಾಭ. ಇದನ್ನೇ ನಾಲ್ಕಾರು ಪಾಲಕರು ಸೇರಿ ಕೊಟ್ಟರೆ ವಾರ್ಡನ್‌ಗೂ ಮೇಲಿನವರ ಹತ್ತಿರ ಎರಡು ಹೆಚ್ಚಿನ ಕೋಣೆ ಕೇಳಲು ಬಲ ಬರುತ್ತದೆ. ನನ್ನ ಅನುಭವದಲ್ಲಿ ಅವರಿಗೂ ಈ ಕಲಮಿನ ಮೇಲೆ ಅಂಥ ಪ್ರೀತಿಯೇನೂ ಇರುವುದಿಲ್ಲ.

ಈಗ ಅತ್ತೆಯವರ ವಿಷಯ. ಇಲ್ಲಿ ನಾನು ಹೇಳುವುದು ತಾಯಿಯ ಕರುಳಿಗೆ ಒಗ್ಗಲಿಕ್ಕಿಲ್ಲ. ಮಗಳು ಮನೆಗೆ ಬರಬೇಕೋ ಬೇಡವೋ ಎನ್ನುವುದಕ್ಕಿಂತ ಯಾವಾಗ ಬರುತ್ತಾಳೆ ಎನ್ನುವುದು ಮುಖ್ಯ. ರೋಗದ ಸುದ್ದಿ ಬಂದಿದೆ, ಹಾಸ್ಟೆಲಿನಲ್ಲಿ ಇನ್ನೂ ಯಾರಿಗೂ ಇಲ್ಲ, ತರಗತಿಗಳು ನಿಲ್ಲುವ ಲಕ್ಷಣ ಇದೆ ಎಂದಾದರೆ ತಡಮಾಡದೆ ಕರೆಸಿಕೊಳ್ಳಿ, ಬಸ್‌ಸ್ಟ್ಯಾಂಡು ತುಂಬುವ ಮೊದಲೇ. ಆದರೆ ಅವಳ ಮಹಡಿಯಲ್ಲೋ ರೂಮಿನಲ್ಲೋ ಆಗಲೇ ಯಾರಿಗಾದರೂ ಬಂದಿದ್ದರೆ, ಅವಳು ಎಷ್ಟೇ ಅತ್ತರೂ, ಹಾಸ್ಟೆಲಿನಲ್ಲಿ ಬೇರೆ ಕೋಣೆ, ಊಟ, ವೈದ್ಯರ ವ್ಯವಸ್ಥೆ ಇದ್ದಲ್ಲಿ ಅಲ್ಲೇ ಇರಲಿ. ಇಪ್ಪತ್ತೆರಡರ ಹುಡುಗಿಗೆ ಕೋವಿಡ್ ಬಹುತೇಕ ನಾಲ್ಕು ದಿನದ ಜ್ವರ. ಎಪ್ಪತ್ತಾರರ ಸಕ್ಕರೆ ಕಾಯಿಲೆಯವರಿಗೆ ಅದು ಆಕ್ಸಿಜನ್ ಹಾಸಿಗೆ ಆಗಬಹುದು. 2021ರ ಆ ನವೆಂಬರಿನಲ್ಲಿ ಧಾರವಾಡದ ವೈದ್ಯಕೀಯ ಕಾಲೇಜಿನ ಹಾಸ್ಟೆಲುಗಳನ್ನು ಮುಚ್ಚಿ ವಿದ್ಯಾರ್ಥಿಗಳಿಗೆ ಅಲ್ಲೇ ಚಿಕಿತ್ಸೆ ಕೊಟ್ಟದ್ದು ಸರಿಯಾಗಿತ್ತು. ಮನೆಗೆ ಕಳಿಸಿದ್ದರೆ ಅಷ್ಟೂ ಅಜ್ಜಿಯರ ಮನೆಗೆ ಸೋಂಕನ್ನು ಕಳಿಸಿದ ಹಾಗಾಗುತ್ತಿತ್ತು. ಮುಂದಿನ ರೋಗ ವಯಸ್ಸಾದವರ ಬದಲು ಹರೆಯದವರನ್ನೇ ಹೆಚ್ಚು ಕಾಡುವಂಥದ್ದಾದರೆ ಈ ಲೆಕ್ಕ ಬದಲಾಗುತ್ತದೆ, ಅದೂ ನೆನಪಿರಲಿ. ಅಲ್ಲೇ ಉಳಿದವಳಿಗೆ ದಿನಕ್ಕೆರಡು ಸಲ ವಿಡಿಯೊ ಕಾಲ್ ಮಾಡಿ. ಒಂಟಿತನದಿಂದ ಕುಗ್ಗಿದಳು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಅವಳೇ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಹಾಸ್ಟೆಲಿನವರು ಗೇಟು ಹಾಕಿ ಹೊರಗೆ ಕಳಿಸಿಯೇಬಿಟ್ಟರೆ? ಆಗ ಮನೆಯಲ್ಲಿ ಕಿಟಕಿಯಿರುವ ಒಂದು ಕೋಣೆ ಅವಳಿಗೆ ಬಿಡಿ, ಇಲ್ಲದಿದ್ದರೆ ಪಡಸಾಲೆಯಲ್ಲಿ ಅವಳು ಮಲಗಲಿ, ಅತ್ತೆಯವರು ಒಳಕೋಣೆಗೆ. ತಾಟು ಲೋಟ ಬೇರೆ ಮಾಡುವುದಕ್ಕಿಂತ ಗಾಳಿ ಬೇರೆ ಮಾಡುವುದು ಮುಖ್ಯ. ಅಜ್ಜಿಯ ಹತ್ತಿರ ಹೋಗಬೇಕಾದರೆ ಇಬ್ಬರ ಮುಖಕ್ಕೂ ಮಾಸ್ಕ್, ಮಾತು ಕಟ್ಟೆಯ ಮೇಲೆ. ಪರೀಕ್ಷೆಯನ್ನು ಬಂದ ದಿನವೇ ಮಾಡಿಸಿ ಸಮಾಧಾನಪಡಬೇಡಿ. ಕೋವಿಡ್‌ನಂಥದ್ದಾದರೆ ಸಂಪರ್ಕವಾದ ಐದನೇ ದಿನದ ಸುಮಾರಿಗೆ, ಅಥವಾ ಲಕ್ಷಣ ಕಂಡ ಕೂಡಲೇ ಮಾಡಿಸಿ.

ಅತ್ತೆಯವರ ತಯಾರಿಗೆ ಸಾಂಕ್ರಾಮಿಕಕ್ಕಾಗಿ ಕಾಯಬೇಕಿಲ್ಲ. ಸಕ್ಕರೆ ಹತೋಟಿಯಲ್ಲಿರಲಿ, ವರ್ಷಕ್ಕೊಮ್ಮೆಯ ಫ್ಲೂ ಲಸಿಕೆ, ನ್ಯುಮೊಕಾಕಲ್ (ನ್ಯುಮೋನಿಯಾ ತಡೆಯುವ) ಲಸಿಕೆ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಇನ್ನು ಆ ಪತ್ರ: ಎರಡು ಪ್ರತಿ ಮಾಡಿ, ಮಗಳ ಸಹಿಯ ಕೆಳಗೆ ನಿಮ್ಮದೂ ಹಾಕಿ, ನಿಮ್ಮ ಪ್ರತಿಯ ಮೇಲೆ ಹಾಸ್ಟೆಲ್ ಕಚೇರಿಯ ಸ್ವೀಕೃತಿ ಸೀಲು, ತಾರೀಖು ಹಾಕಿಸಿಕೊಳ್ಳಿ. ತೆಗೆದುಕೊಳ್ಳುವುದಿಲ್ಲ ಎಂದರೆ ಸ್ಪೀಡ್ ಪೋಸ್ಟಿನಲ್ಲಿ ಕುಲಸಚಿವರಿಗೆ ಕಳಿಸಿ, ರಸೀದಿಯನ್ನು ಮುಚ್ಚಳಿಕೆಯ ಜೆರಾಕ್ಸಿನ ಜೊತೆ ಇಟ್ಟುಕೊಳ್ಳಿ.